ಒರೆಸದೆ ಉಳಿದ ಮುಖ

ಮಧುಗಿರಿ
೯ ಮಾರ್ಚ್ ೨೦೨೫, ಭಾನುವಾರ

ಗೆಳೆಯ ಗೌರೀಶ,

ನೀನು ಆರೋಗ್ಯವಾಗಿದ್ದೀಯ ಎಂದು ನಂಬಿಕೊಂಡೇ ಶುರು ಮಾಡುತ್ತಿದ್ದೇನೆ. ದೀಪಾವಳಿಗೆ ಬರೆದ ನಿನ್ನ ಪತ್ರಕ್ಕೆ ಯುಗಾದಿ ಹತ್ತಿರ ಬಂದಾಗ ಉತ್ತರ ಬರೆಯುವವನನ್ನು ಏನೆಂದು ಬೈಯಬೇಕೋ ಬೈದುಕೋ, ಎಲ್ಲವೂ ಒಪ್ಪಿಗೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಬಲಸಮುದ್ರದ ಬಿಸಿಲಿನ ಬಗ್ಗೆ ಕೂಗುತ್ತೀಯ, ನಾನು ಮಧುಗಿರಿಯ ಬಿಸಿಲಿನ ಬಗ್ಗೆ ಕೂಗುತ್ತೇನೆ, ಅಲ್ಲಿಗೆ ಇಬ್ಬರ ಮಾತೂ ಮುಗಿಯುತ್ತದೆ. ಇವತ್ತು ಹೇಳಬೇಕಾದದ್ದನ್ನು ಕೂಗಿ ಹೇಳುವ ಹಾಗಿಲ್ಲ.

ಹೊಲದ ಮೇಲೆಲ್ಲ ಸೋಲಾರ್ ಹಲಗೆ ಬಂದ ಮೇಲೆ ಕೆಲಸವಿಲ್ಲದೆ ಮೊಮ್ಮಕ್ಕಳಿಗೆ ಕುದುರೆ ಬರೆದುಕೊಡುತ್ತಾ ಕೂತಿದ್ದೇನೆ ಎಂದು ನೀನು ಬರೆದಿದ್ದೆ. ಕುದುರೆ ನಿನಗೆ ಯಾವತ್ತು ಬಂತು ಮಾರಾಯ? ನಿನ್ನ ಕುದುರೆಯ ನಾಲ್ಕು ಕಾಲೂ ಒಂದೇ ಕಡೆ ಇರುತ್ತಿದ್ದವು. ಮಕ್ಕಳು ಪಾಪ, ತಾತನ ಮರ್ಯಾದೆ ಉಳಿಸುತ್ತಿರಬೇಕು. ಇಬ್ಬರೂ ಡ್ರಾಯಿಂಗ್ ಮೇಷ್ಟ್ರುಗಳೆಂದು ಸಂಬಳ ತಿಂದು ಪೆನ್ಷನ್ ತಿನ್ನುವವರೆಗೂ ಬಂದೆವಲ್ಲ, ಸರ್ಕಾರ ದೊಡ್ಡದು.

ನನ್ನ ಸ್ಟುಡಿಯೋ ನೀನು ನೋಡಿಲ್ಲ. ಕೊರಟಗೆರೆಯಿಂದ ರಿಟೈರ್ ಆಗಿ ಬಂದ ಮೇಲೆ ಬೆಟ್ಟದ ಬುಡದಲ್ಲಿ ಹುಣಸೆಹಣ್ಣು ತುಂಬುತ್ತಿದ್ದ ಒಂದು ಹಳೆಯ ಗೋಡೌನ್ ಬಾಡಿಗೆಗೆ ಹಿಡಿದೆ, ಮನೆಯೂ ಅದರಲ್ಲೇ. ಮಧ್ಯಾಹ್ನ ಬಂಡೆ ಕಾದರೆ ಸಂಜೆಯವರೆಗೂ ಒಳಗೆ ಧಗೆ. ಗೋಡೆಗೆ ಮೂಗು ಹಿಡಿದರೆ ಇನ್ನೂ ಹುಳಿ ವಾಸನೆ ಬರುತ್ತದೆ. ಕ್ಯಾನ್ವಾಸಿಗೆ ಈಗಲೂ ಹುಣಸೆ ಬೀಜದ ಅಂಟು ಸರಿಯನ್ನೇ ಬಳಿಯುತ್ತೇನೆ. ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ ಕುದಿಸುವ ಕೆಲಸ ಮದುವೆಯಾದಾಗಿನಿಂದ ಜಗದಾಂಬಳದ್ದು. ಅದೊಂದನ್ನು ಅವಳ ಕೈ ಇನ್ನೂ ಮರೆತಿಲ್ಲ. ಸೌಟು ಹಿಡಿದು ಕೂತರೆ ಒಂದು ಗಂಟೂ ಆಗದ ಹಾಗೆ ತಿರುವುತ್ತಾಳೆ.

ಅವಳ ವಿಷಯವನ್ನು ನಿನಗೆ ಅರ್ಧ ಮಾತ್ರ ಹೇಳಿದ್ದೆ. ಕೀಲಿಕೈ ಎಲ್ಲಿಟ್ಟೆ ಎಂದು ಹುಡುಕುತ್ತಾಳೆ, ಒಲೆ ಆರಿಸಲು ಮರೆಯುತ್ತಾಳೆ, ವಯಸ್ಸು ಎಂದೆಲ್ಲ ಬರೆದಿದ್ದೆ. ಅದು ವಯಸ್ಸಲ್ಲ. ತುಮಕೂರಿನ ಡಾಕ್ಟರು ಮರೆವಿನ ಕಾಯಿಲೆ ಎಂದರು. ಮಾತ್ರೆ ಕೊಟ್ಟು, ಇದು ವಾಸಿಯಾಗುವುದಕ್ಕಲ್ಲ, ನಿಧಾನ ಮಾಡುವುದಕ್ಕೆ ಎಂದು ನನಗೊಬ್ಬನಿಗೇ ಹೇಳಿದರು. ನಾನು ಹೊರಗೆ ಬಂದು ಅವಳಿಗೆ ಎಳನೀರು ಕುಡಿಸಿ ಬಸ್ಸು ಹತ್ತಿಸಿದೆ.

ಮೊದಮೊದಲು ನಗುವ ಹಾಗಿತ್ತು. ಗೋಡೆಗೆ ಒರಗಿಸಿಟ್ಟಿದ್ದ ನನ್ನ ಹಳೆಯ ಚಿತ್ರಗಳು ನಿನಗೆ ಗೊತ್ತಲ್ಲ, ಹುಣಸೆ ಜಜ್ಜುವ ಹೆಂಗಸರು, ಕುರಿಯವರು, ಸಂತೆಗೆ ಹೊರಟವರು. ಒಂದು ದಿನ ಅವರ ಮುಂದೆ ಚಾಪೆ ಹಾಸಿ ನನ್ನ ಮೇಲೆ ಜಗಳಕ್ಕೆ ಬಂದಳು. "ಬೆಳಗಿಂದ ನಿಂತವ್ರೆ ಕಣ್ರೀ ಅವ್ರು. ಕೂತ್ಕಳಿ ಅಂತ ಒಂದು ಮಾತಂದ್ರಾ ನೀವು? ಜಂಗಮರು ಬಂದ್ರೂ ಇಂಗೇ ನಿಲ್ಲುಸ್ತೀರಾ?" ಎಂದಳು. ನಾನು ಚಿತ್ರಗಳನ್ನೆಲ್ಲ ಚಾಪೆಯ ಮೇಲಿಟ್ಟೆ. ಅವಳಿಗೆ ಸಮಾಧಾನವಾಯಿತು.

ಆಮೇಲಿನದು ನಗುವ ಹಾಗಿರಲಿಲ್ಲ. ಮದುವೆಯಾದ ವರ್ಷ ಅವಳನ್ನು ನಿಲ್ಲಿಸಿಕೊಂಡು ಬರೆದಿದ್ದೆನಲ್ಲ, ಕೆಂಪು ಸೀರೆಯ ಚಿತ್ರ, ಅದರ ಮೇಲೆ ಅವಳ ಕಣ್ಣು ಬಿತ್ತು. "ಯಾರವ್ಳು? ನಮ್ಮನೇಲಿ ಯಾಕೆ ನಿಂತವ್ಳೆ? ನಿಮ್ಮನ್ನೇ ನೋಡ್ತಾವ್ಳಲ್ಲ, ಕಳ್ಸಿಬುಡಿ ಅವ್ಳನ್ನ" ಎಂದು ಶುರು ಮಾಡಿದಳು. ನೀನೇ ಕಣೇ ಎಂದರೆ ಕನ್ನಡಿ ತಂದು ತನ್ನ ಮುಖ ತೋರಿಸಿದಳು. ನಾನು ಚಿತ್ರವನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಅವಳು ಅದನ್ನು ಮತ್ತೆ ತಿರುಗಿಸಿ ನೋಡಿದಳು. ಒಂದು ಬೆಳಗ್ಗೆ ನಾನು ತರಕಾರಿಗೆ ಹೋಗಿದ್ದಾಗ ಮನೆಗೆಲಸದ ನರಸಮ್ಮ ಬೀದಿಗೆ ಓಡಿಬಂದಳು. "ಮೇಷ್ಟ್ರೇ, ಬಿರ್ನೆ ಬನ್ನಿ. ಅಮ್ಮಾವ್ರು ಪಟದ ಮುಕಕ್ಕೆ ಟರ್ಪೆಂಟ್ ಉಯ್ದು ತಿಕ್ತಾವ್ರೆ, ಬುಡ್ಸೋಕೋದ್ರೆ ನನ್ಗೇ ಒಡೆಯಕ್ಕೆ ಬತ್ತಾರೆ."

ವರ್ಷಗಟ್ಟಲೆ ನನ್ನ ಕುಂಚ ತೊಳೆದವಳಿಗೆ ಬಣ್ಣ ಯಾವುದಕ್ಕೆ ಬಿಡುತ್ತದೆ ಎಂದು ಗೊತ್ತಿಲ್ಲದೆ ಇರುತ್ತದೆಯೇ? ಒಣಗಿದ ಎಣ್ಣೆ ಬಣ್ಣ ಬಟ್ಟೆಗೆ ಜಗ್ಗುವುದಿಲ್ಲ ಎಂದು ಪಾತ್ರೆ ತಿಕ್ಕುವ ತೆಂಗಿನ ನಾರು ತಂದಿದ್ದಳು. ನಾನು ಹೋಗುವಷ್ಟರಲ್ಲಿ ಕಣ್ಣು, ಮೂಗು, ಬಾಯಿ ಯಾವುದೂ ಇರಲಿಲ್ಲ. ಕೆಂಪು ಮತ್ತು ಕಾವಿ ಕಲಸಿಕೊಂಡು ಕೆಳಗೆ ಇಳಿದಿತ್ತು. "ವೋದ್ಳು ನೋಡಿ" ಎಂದು ಕೈ ಒರೆಸಿಕೊಂಡಳು. ನಾನು ಗೋಡೌನಿನ ಹೊರಗೆ ಕಲ್ಲಿನ ಮೇಲೆ ಕೂತು ಅತ್ತೆ, ಗೌರೀಶ. ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಇನ್ನು ತಮಾಷೆ ಕೇಳು. ಅದೇ ವಾರ ಬಿಂದುಶ್ರೀ ಎಂಬ ಹುಡುಗಿ ಬಂದಳು. ಊರು ನಮ್ಮ ಸಿರಾ, ಈಗ ಬೆಂಗಳೂರಿನಲ್ಲಿ ಒಂದು ಗ್ಯಾಲರಿ ನಡೆಸುತ್ತಾಳೆ. ನನ್ನ ಹುಣಸೆ ಹೆಂಗಸರನ್ನು ನೋಡಿ ಚೆನ್ನಾಗಿದೆ ಸರ್, ಚೆನ್ನಾಗಿದೆ ಸರ್ ಎಂದು ಮುಂದೆ ಮುಂದೆ ನಡೆದವಳು ಈ ತಿಕ್ಕಿದ ಪಟದ ಮುಂದೆ ನಿಂತುಬಿಟ್ಟಳು. "ಸರ್, ನೀವು ಈ ಕಡೆ ಯಾವಾಗ ತಿರುಗಿದ್ರಿ? ಇದು ಮಧುಗಿರಿ ಬಂಡೆ ಅಲ್ವಾ? ಮಳೆ ನೀರು ಇಳಿದ ಬಂಡೆ?" ಎಂದಳು. ನನ್ನ ಹೆಂಡತಿ ಪಾತ್ರೆ ತಿಕ್ಕುವ ನಾರಿನಲ್ಲಿ ಮಾಡಿದ್ದಮ್ಮ ಎಂದು ಹೇಗೆ ಹೇಳಲಿ? ಇತ್ತೀಚೆಗೆ ಎಂದೆ. ಇಂಥವು ಇನ್ನಷ್ಟು ಮಾಡಿ ಸರ್ ಎಂದು ಹೇಳಿ ಹೋದಳು.

ಮಾಡಿದೆ. ನನ್ನ ಅಬ್‌ಸ್ಟ್ರಾಕ್ಟ್ ಎಲ್ಲಿಂದ ಬಂತು ಎಂದು ದೀಪಾವಳಿಯ ಪತ್ರದಲ್ಲಿ ಅಣಕಿಸಿದ್ದೆಯಲ್ಲ, ಅಲ್ಲಿಂದ ಬಂತು. ಬರೀ ಬಣ್ಣ ಎರಚಲು ಹೋದರೆ ನನಗೆ ಕೈ ಬರಲಿಲ್ಲ. ಹಾಗಾಗಿ ಈಗಲೂ ಮೊದಲು ಮುಖವನ್ನೇ ಬರೆಯುತ್ತೇನೆ. ನರಸಮ್ಮ, ಕುರಿ ಕಾಯುವ ದೊಡ್ಡಹನುಮಯ್ಯ, ಕೋರ್ಟಿನ ಮುಂದೆ ಟೈಪ್ ಮಾಡುವವನು, ಯಾರು ಸಿಕ್ಕರೆ ಅವರು. ಕಣ್ಣಿನ ಬೆಳಕಿನವರೆಗೂ ಪೂರ್ತಿ ಮಾಡಿ, ಬಣ್ಣ ಹಸಿಯಿರುವಾಗಲೇ ಬಟ್ಟೆಯಿಂದ ಒಂದೇ ಸಲ ಎಳೆದುಬಿಡುತ್ತೇನೆ. ನರಸಮ್ಮ ತನ್ನದನ್ನು ನೋಡಿ, "ನನ್ ಮುಕ ಒರೆಸ್ಬುಟ್ಟು ಅದ್ನ ಬೆಂಗ್ಳೂರ್ಗೆ ಕಳುಸ್ತೀರಾ? ಅಂಗಿದ್ರೆ ಅಷ್ಟೊತ್ತು ನನ್ನ ಯಾಕೆ ಕೂರುಸ್ಕಂಡ್ರಿ ಮೇಷ್ಟ್ರೇ, ಅನ್ನ ಸೀದೋಯ್ತು" ಎಂದು ರೇಗಿದಳು. ಅವಳ ಸಿಟ್ಟು ನ್ಯಾಯವಾದದ್ದೇ. ಒರೆಸುವಾಗ ಒಂದೊಂದು ಸಲ ನನಗೂ ಪಾಪ ಮಾಡಿದ ಹಾಗಾಗುತ್ತದೆ. ಆದರೆ ಮುಖವಿಲ್ಲದ ಚಿತ್ರಗಳ ನಡುವೆ ಜಗದಾಂಬ ಹಾಯಾಗಿ ಕೂರುತ್ತಾಳೆ. ಯಾರಿಗೂ ಹೆದರುವುದಿಲ್ಲ, ಯಾರನ್ನೂ ಓಡಿಸುವುದಿಲ್ಲ.

ಹಳೆಯ ಚಿತ್ರಗಳನ್ನೆಲ್ಲ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ. ಅವಳು ಊಟವಾಗಿ ಮಲಗಿದಾಗ ಒಂದೊಂದನ್ನು ಇಳಿಸಿ, ಧೂಳು ಒರೆಸಿ, ನೋಡಿ ಮತ್ತೆ ಮೇಲಿಡುತ್ತೇನೆ. ಕಳ್ಳತನ ಮಾಡಿದ ಹಾಗಿರುತ್ತದೆ. ಮುಂದಿನ ತಿಂಗಳು ಬೆಂಗಳೂರಿನ ಗ್ಯಾಲರಿಯಲ್ಲಿ ಈ ಹೊಸವುಗಳ ಪ್ರದರ್ಶನ. ಹಳೆಯವೂ ಒಂದೆರಡು ಇರಲಿ, ಒಬ್ಬನೇ ಮನುಷ್ಯನ ಕೈ ಅಲ್ಲವೇ ಎಂದು ಬಿಂದುಶ್ರೀಯನ್ನು ಕೇಳಿದೆ. "ಅವು ಬೇರೆ ಕಾಲದವು ಸರ್, ಜೊತೆಗೆ ಹಾಕಿದರೆ ಇವು ಸೋಲುತ್ತವೆ" ಎಂದಳು. ನಾನು ಹಟ ಹಿಡಿದಿದ್ದೇನೆ, ಹುಣಸೆ ಹೆಂಗಸರದ್ದು ಒಂದಾದರೂ ಹೋಗಬೇಕೆಂದು.

ನನಗೆ ನಿಜವಾಗಿ ಬೇಕಾಗಿದ್ದದ್ದು ಪ್ರದರ್ಶನವಲ್ಲ ಗೌರೀಶ. ಜಗದಾಂಬ ಒಂದು ಸಲ ನನ್ನ ಮುಖ ನೋಡಿ "ರೀ" ಎನ್ನಬೇಕು. ಸಂಕ್ರಾಂತಿಯ ಹೊತ್ತಿಗೆ ಅದು ನಿಂತುಹೋಯಿತು. ಈಗ ನಾನು ಅವಳಿಗೆ "ಪೇಂಟ್ರು". ಮರ್ಯಾದೆಯಿಂದ ಮಾತಾಡಿಸುತ್ತಾಳೆ, ಕಾಫಿ ಕೊಡುತ್ತಾಳೆ, ಬೆಳಗ್ಗೆ ಸ್ನಾನವಾದ ಮೇಲೆ ವಿಭೂತಿ ಗಟ್ಟಿಯನ್ನು ನನ್ನ ಕಡೆಗೆ ಸರಿಸುತ್ತಾಳೆ, ಬಂದ ನೆಂಟರಿಗೆ ಕೊಡುವ ಹಾಗೆ.

ಹದಿನೈದು ದಿನದ ಹಿಂದೆ, ಮಧ್ಯಾಹ್ನ, ಸರಿ ತಿರುವುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು. "ಪೇಂಟ್ರೇ, ಹೇಳಿದ್ರೆ ಮುಖ ಬರೀತೀರಾ? ನಮ್ಮನೆಯವ್ರ ಮುಖ ನನ್ಗೆ ಮರ್ತೋಗ್ತಾ ಐತೆ. ಪೂರ್ತಿ ಹೋಗೋದ್ರೊಳ್ಗೆ ಒಂದು ಬರ್ಕೊಡಿ."

ನಾನು ಎದ್ದು ಕನ್ನಡಕ ತೆಗೆದು ಅವಳ ಎದುರಿಗೇ ಹೋಗಿ ನಿಂತೆ. ಸರಿಯಾಗಿ ನೋಡಲಿ ಎಂದು ಬಗ್ಗಿಯೂ ನಿಂತೆ. "ಸ್ವಲ್ಪ ಅತ್ಲಾಗೆ ಸರೀರಿ, ಬೆಳಕಿಗೆ ಅಡ್ಡ ಆಗ್ತೈತೆ" ಎಂದಳು.

ಸರಿದೆ. ಹೊಸ ಕ್ಯಾನ್ವಾಸ್ ನಿಲ್ಲಿಸಿದೆ. ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಅಷ್ಟು ಸ್ಪಷ್ಟವಾಗಿ ಅವಳು ಮಾತಾಡಿ ಎಷ್ಟೋ ದಿನವಾಗಿತ್ತು. ಮೂರು ಮಧ್ಯಾಹ್ನಗಳ ಕೆಲಸ. ಕೈಗೆ ಹಳೆಯ ಹದ ತಾನಾಗಿಯೇ ಬಂತು. ಇದನ್ನು ಮಾತ್ರ ನಾನು ಒರೆಸಲಿಲ್ಲ. ಚಿತ್ರ ಹೇಗೆ ಬಂತು ಎಂದು ಕೇಳುತ್ತೀಯ. ಚೆನ್ನಾಗಿ ಬಂತು. ನನ್ನ ಕೈಯಿಂದ ಬಂದ ಮುಖಗಳಲ್ಲೆಲ್ಲ ಅದೇ ಒಳ್ಳೆಯದಿರಬಹುದು. ಬಿಂದುಶ್ರೀ ಬಂದರೆ ತೋರಿಸುವುದಿಲ್ಲ.

ಬಿಸಿಲು ಜಾಸ್ತಿಯಾಗುತ್ತಿದೆ, ನೀನು ಮಧ್ಯಾಹ್ನ ಹೊರಗೆ ಅಡ್ಡಾಡಬೇಡ. ನಿನ್ನವಳು ಹೋದ ಮೇಲೆ ಊಟದ ಹೊತ್ತು ತಪ್ಪಿಸುತ್ತಿದ್ದೀಯ ಎಂದು ಕೇಳಿದ್ದೇನೆ, ಅದು ಬೇಡ. ಸೊಸೆಗೆ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಕುದುರೆಯ ಕಾಲು ಸರಿಮಾಡಿಕೊಡಲು ಒಂದು ದಿನ ಈ ತಾತನೂ ಬರುತ್ತಾನೆಂದು ಹೇಳು. ಶಿವ ಎಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ,
ಹಾಲೇಶ

ತಾ.ಕ.: ಮೇಲಿನದ್ದನ್ನು ಬೇಕಾದರೆ ಮನೆಯವರಿಗೆ ಓದಿ ಹೇಳು. ಇದನ್ನು ನೀನೊಬ್ಬನೇ ಓದು.

ಅದು ನಿನ್ನ ಮುಖ, ಗೌರೀಶ.

ಅಗಲ ಹಣೆ ಎಂದಳು, ಬರೆದೆ. ಗುಂಗುರು ಕೂದಲು ಎಂದಾಗಲೂ ವಯಸ್ಸಿನಲ್ಲಿ ನನಗೂ ಒಂದಿಷ್ಟು ಗುಂಗುರಿತ್ತು ಎಂದು ಸಮಾಧಾನ ಮಾಡಿಕೊಂಡೆ. ಎಡ ಹುಬ್ಬಿನಲ್ಲಿ ಗಾಯದ ಗುರುತು ಎಂದಾಗ ಕೈ ನಿಂತಿತು. "ಬರೀರಿ ಪೇಂಟ್ರೇ, ಯಾಕೆ ನಿಲ್ಸಿದ್ರಿ?" ಎಂದಳು. ಬರೆದೆ. ಮುಗಿದ ಮೇಲೆ ಎದ್ದು ಬಂದು, ಸೆರಗು ಸರಿಮಾಡಿಕೊಂಡು, ಅದರ ಮುಂದೆ ನಿಂತು "ರೀ, ಎಷ್ಟು ತಡ ಮಾಡುದ್ರಿ" ಎಂದಳು.

ಮದುವೆಗೆ ಮೊದಲು ಸಿರಾದಲ್ಲಿ ನಾನೂ ನೀನೂ ಅವಳ ಅಪ್ಪನ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದಾಗ ಏನಿತ್ತೋ, ಏನೂ ಇರಲಿಲ್ಲವೋ, ನಾನು ಕೇಳುವುದಿಲ್ಲ. ಅವಳಿಗೆ ಹೇಳಲು ಬರುವುದಿಲ್ಲ, ನೀನು ಹೇಳಿದರೆ ನನಗೆ ತಡೆಯಲು ಆಗುವುದಿಲ್ಲ. ಈ ಕಾಯಿಲೆಯಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಅಂಟಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಅದನ್ನು ನಂಬಿಕೊಂಡು ದಿನ ತಳ್ಳುತ್ತಿದ್ದೇನೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಣ್ಣ ಹಸಿಯಿರುವಾಗಲೇ ಬಟ್ಟೆ ಹಿಡಿದು ಅದರ ಮುಂದೆ ನಿಂತಿದ್ದೆ. ಅವಳು ಪಕ್ಕದಲ್ಲೇ ಕೂತು ಆ ಮುಖಕ್ಕೆ ತವರಿನ ಸುದ್ದಿಯೆಲ್ಲ ಹೇಳುತ್ತಿದ್ದಳು, ನಗುತ್ತಿದ್ದಳು. ಅವಳ ನಗು ನೋಡಿ ಬಟ್ಟೆ ಕೆಳಗಿಟ್ಟೆ.

ಈಗ ಮೊನ್ನೆಯಿಂದ ಅವಳು ಊಟ ಬಿಟ್ಟಿದ್ದಾಳೆ. "ನಮ್ಮನೆಯವ್ರು ಕ್ವಾಪ ಮಾಡ್ಕಂಡವ್ರೆ, ಮಾತೇ ಆಡ್ತಿಲ್ಲ. ಅವ್ರು ಉಂಡ ಮ್ಯಾಲೇ ನಾನು ಉಣ್ಣೋದು" ಎನ್ನುತ್ತಾಳೆ. ನಾನು ಕಲಸಿದ ತುತ್ತನ್ನು ನರಸಮ್ಮ ಬಾಯಿಗಿಟ್ಟರೂ ಉಗಿಯುತ್ತಾಳೆ. ನರಸಮ್ಮನ ಅಳಿಯ ನಾಳೆ ಬೆಳಗ್ಗೆ ನಿಮ್ಮೂರಿನ ಸೋಲಾರ್ ಪಾರ್ಕಿನ ಕೆಲಸಕ್ಕೆ ಬರುತ್ತಾನೆ, ಅವನ ಕೈಯಲ್ಲೇ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ಓದಿದ ಕೂಡಲೇ ಹೊರಡು. ಅವಳ ಎದುರಿಗೆ ಕೂತು ಒಂದು ಊಟ ಮಾಡು, ನಾನು ಬಡಿಸುತ್ತೇನೆ.

ನೀನು ಕಳಿಸಿದ, ಮೊಮ್ಮಕ್ಕಳ ಜೊತೆಗಿನ ಫೋಟೋದಲ್ಲಿ ಗಡ್ಡ ಬಿಟ್ಟಿದ್ದೀಯ. ಅದನ್ನು ಬೋಳಿಸಿಕೊಂಡು ಬಾ. ಅವಳು ಹೇಳಿದ ಮುಖಕ್ಕೆ ಗಡ್ಡವಿರಲಿಲ್ಲ.