ಗಿರಿಜಾಳ ಮನೆ ಖಾಲಿ ಮಾಡಿಸಲು ಹೋದದ್ದು

ಅಪ್ಪಾ, ನಿನ್ನ ಸೊರಬದ ಮಗಳು ಬರೆಯುತ್ತಿದ್ದೇನೆ.

ನೀನು ಹಾಸಿಗೆ ಹಿಡಿದ ಮೇಲೆ ಪ್ರತಿ ಭಾನುವಾರ ಬಸ್ಸು ಹತ್ತಿ ಶಿಕಾರಿಪುರಕ್ಕೆ ಬರುತ್ತಿದ್ದೆನಲ್ಲ. ಗಂಜಿ ಲೋಟ ಹಿಡಿದು ನಾನು ಎದುರಿಗೇ ಕೂತಿದ್ದರೂ ನೀನು ಬಾಗಿಲ ಕಡೆ ನೋಡಿ, "ಗಿರಿಜಾ ಬರ್ಲಿ, ಆಮೇಲೆ ಕುಡಿತೀನಿ" ಎನ್ನುತ್ತಿದ್ದೆ. ನಮ್ಮ ಮನೆಯ ಮುಂಭಾಗದ ಎರಡು ಕೋಣೆಯಲ್ಲಿ ಬಾಡಿಗೆಗಿದ್ದು, ರವಿಕೆ ಹೊಲಿದು ಮಗಳನ್ನು ಓದಿಸುತ್ತಿರುವ ಗಿರಿಜಾ. ಹೆತ್ತ ಮಗಳಿಗಿಂತ ಅವಳು ಹೆಚ್ಚಾದಳೇ? ಅವತ್ತೇ ಕೇಳಬೇಕಿತ್ತು. ಕೇಳಿದ್ದರೆ ನೀನು...

ನಿನ್ನ ಹದಿಮೂರನೇ ದಿನದ ಕಾರ್ಯ ಮುಗಿದ ಮರುದಿನವೇ ಅವಳ ಬಾಗಿಲಿಗೆ ಹೋದೆ. "ಹಂಚು ಒಡೆದು ಸೋರ್ತಾ ಇದೆ, ರಿಪೇರಿ ಮಾಡಿಸ್ಬೇಕು. ತಿಂಗಳೊಳಗೆ ಖಾಲಿ ಮಾಡು" ಎಂದೆ. ಸೋರುತ್ತಿದ್ದುದು ನಿಜ. ಹೊಟ್ಟೆಯಲ್ಲಿ ಉರಿಯುತ್ತಿದ್ದುದು ಬೇರೆ. ಅವಳು ಜಗಳವಾಡಲಿಲ್ಲ. "ಗಿರಾಕಿಗಳೆಲ್ಲ ಈ ಓಣಿಯವ್ರೇ ಅಕ್ಕ, ಬೇರೆ ಕಡೆ ಹೋದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದಳು.

ಮುಂದಿನ ಭಾನುವಾರ ಓಣಿಯ ಏಳೆಂಟು ಜನ ನಮ್ಮ ಪಡಸಾಲೆಗೆ ಬಂದು ಕೂತರು. ಬೈಯುತ್ತಾರೆಂದು ನಾನು ಸಜ್ಜಾಗಿದ್ದೆ. ಎದುರುಮನೆಯ ನಿಂಗಮ್ಮ ದನಿ ಎತ್ತಲೇ ಇಲ್ಲ. "ರಿಪೇರಿ ಆಗ್ಬೇಕಾದ್ದೇ, ಮಾಡಿಸ್ರೀ. ಅಲ್ಲೀ ತನಕ ತಾಯಿ ಮಗಳು ನಮ್ಮನ್ಯಾಗಿರ್ಲಿ, ಮಷಿನ್ನೂ ಅಲ್ಲೇ ಇರ್ಲಿ. ಕೆಲಸ ಮುಗಿದ್ಮೇಲೆ ವಾಪಸ್ ಬರ್ತಾರ." ಗಾರೆ ಕೆಲಸದ ಬಸಪ್ಪ ಹಂಚು ತಾನೇ ಹೊದಿಸಿಕೊಡುತ್ತೇನೆಂದ. ನನ್ನ ನೆಪವನ್ನೇ ಅವರು ನಿಜವೆಂದು ಹಿಡಿದರೆ ನಾನು ಏನೆನ್ನಲಿ? ಹೂಂ ಅಂದೆ. ಆದರೆ ಕಿಚ್ಚು ಇನ್ನೂ ಹೆಚ್ಚಾಯಿತು. ನನ್ನನ್ನು ಯಾರಾದರೂ ಹೊರಗೆ ಹಾಕಿದರೆ ಸೊರಬದಲ್ಲಿ ಹೀಗೆ ಒಂದು ಬಾಗಿಲಾದರೂ ತೆರೆದೀತೇ?

ಕೆಲಸ ನಡೆದ ಹದಿನೈದು ದಿನ ನಾನು ಅಲ್ಲೇ ಉಳಿದೆ. ಒಂದು ಮಧ್ಯಾಹ್ನ ಗಿರಿಜಾ ಬಸಪ್ಪನಿಗೆ ಹಂಚು ಎತ್ತಿಕೊಡುತ್ತಿದ್ದಳು. ನನಗೆ ಬಾಯಿ ತಡೆಯಲಿಲ್ಲ. "ನಿನ್ನ ಮನೆ ಬಿಡಿಸೋಕೆ ಹೊರಟಿದ್ದು ರಿಪೇರಿಗಲ್ಲ ಕಣೇ. ಅಪ್ಪ ನಿನ್ನನ್ನೇ ಕರೀತಿದ್ರು, ಅದಕ್ಕೆ."

ಅವಳು ಕೈಯಲ್ಲಿದ್ದ ಹಂಚು ಕೆಳಗಿಟ್ಟಳು. "ಗೊತ್ತಿತ್ತಕ್ಕ. ನಿಮ್ಮ ಜಾಗದಾಗ ನಾನಿದ್ರೂ ಹಂಗೇ ಮಾಡ್ತಿದ್ನೇನೋ."

ಹಂಚಿನ ಕೆಲಸ ಮುಗಿದ ಮೇಲೆ ಕರಾರಿನ ಮಾತು ನಾನೇ ಎತ್ತಿದೆ. ನಿನ್ನೆ ಇಬ್ಬರೂ ಹೊಸ ಬಾಡಿಗೆ ಕರಾರಿಗೆ ಸಹಿ ಹಾಕಿದೆವು. ಐದು ವರ್ಷ ಬಿಡಿಸುವ ಮಾತಿಲ್ಲ. ಆಮೇಲೆ ಬಿಡಿಸುವುದಾದರೂ ಆರು ತಿಂಗಳು ಮೊದಲೇ ಹೇಳಬೇಕು, ಬೇರೆ ಮನೆ ಹುಡುಕಲು ನಾನೂ ಓಡಾಡಬೇಕು. ಸಣ್ಣಪುಟ್ಟ ರಿಪೇರಿ ಅವಳು ನೋಡಿಕೊಳ್ಳುತ್ತಾಳೆ. ನಿಂಗಮ್ಮ ಸಾಕ್ಷಿಯಾಗಿ ಸಹಿ ಹಾಕಿದಳು. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡ, ಹೋಗಿಲ್ಲ. ಆದರೆ ಅದನ್ನು ಹೊತ್ತುಕೊಂಡು ಇನ್ನೊಮ್ಮೆ ಅವಳ ಬಾಗಿಲಿಗೆ ಹೋಗುವುದಿಲ್ಲ ಅಪ್ಪಾ.