ಭೀಮಣ್ಣ ತಲೆಯಾಡಿಸಿದ್ದು

ದಂಡಿಗನಹಳ್ಳಿ,
೧೪-೯-೨೦೨೫, ಭಾನುವಾರ

ಪ್ರೀತಿಯ ಮನು ಅಣ್ಣನಿಗೆ,

ಹೇಗಿದ್ದೀಯ? ಹೊಸ ಬೂಟು ಕಚ್ಚಿ ಹಿಮ್ಮಡಿ ಹುಣ್ಣಾಗಿದೆ ಎಂದಿದ್ದೆಯಲ್ಲ, ಮಾಯಿತೇ? ಅಲ್ಲಿಯ ರೊಟ್ಟಿ ನಿನ್ನ ಹೊಟ್ಟೆಗೆ ಒಗ್ಗಿತೋ ಇಲ್ಲವೋ ಎಂದು ಅವ್ವ ನನ್ನನ್ನು ಕೇಳುತ್ತಲೇ ಇರುತ್ತಾಳೆ. ಒಗ್ಗಿದೆ ಎಂದು ನಾನೇ ಹೇಳಿಬಿಟ್ಟಿದ್ದೇನೆ. ನೀನು ನಿಜ ಬರೆ. ನಿಮ್ಮ ಸೈನ್ಯದ ತರಬೇತಿ ಕೇಂದ್ರದವರು ವಾರಕ್ಕೊಮ್ಮೆ ಕೊಡುವ ಹತ್ತು ನಿಮಿಷದ ಫೋನನ್ನು ಅಪ್ಪ ಒಬ್ಬರೇ ಮಾತಾಡಿ ಮುಗಿಸುತ್ತಾರೆ, ಅದಕ್ಕೇ ಈ ಕಾಗದ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕಪ್ಪು ಹಸು ಹೆಣ್ಣುಗರು ಹಾಕಿತು. ರಾಗಿ ಪರವಾಗಿಲ್ಲ. ಅಪ್ಪನ ಮಂಡಿನೋವು ಎಂದಿನಂತೆ ಕೆಲಸ ಹೇಳಿದಾಗ ಮಾತ್ರ ಬರುತ್ತದೆ.

ಭೀಮಣ್ಣನ ಮಣಿಕಟ್ಟಿನ ಊತ ಇಳಿದಿದೆ. ‘ಗಾಡಿ ಜಾರ್ತು’ ಎಂದಷ್ಟೇ ಅಪ್ಪ ನಿನಗೆ ಹೇಳಿದ್ದಾರೆ ಎಂದು ಮೊನ್ನೆ ಗೊತ್ತಾಯಿತು. ಗಾಡಿ ಜಾರಲಿಲ್ಲ, ಮನು ಅಣ್ಣ. ಹೋದ ತಿಂಗಳು ಭೀಮಣ್ಣ ಎಕ್ಸೆಲ್ ಗಾಡಿಯಲ್ಲಿ ಶಾಂತಿಗ್ರಾಮದಿಂದ ಬೂಸಾ ಮೂಟೆ ತರುತ್ತಿದ್ದ. ಹೆದ್ದಾರಿ ಪಕ್ಕ ಪೊಲೀಸರು ವಾಹನ ತಪಾಸಣೆಗೆ ನಿಂತಿದ್ದರು. ಅವನು ದಾಟಿ ಮುಂದೆ ಹೋದ ಮೇಲೆ ಹಿಂದಿನಿಂದ ವಿಷಲ್ ಊದಿದ್ದಾರೆ. ಹುಟ್ಟಿದಾಗಿನಿಂದ ಕಿವಿ ಕೇಳದ ನಮ್ಮಣ್ಣ ಹೇಗೆ ನಿಲ್ಲುತ್ತಾನೆ? ಬೈಕಿನಲ್ಲಿ ಅಟ್ಟಿಸಿಕೊಂಡು ಬಂದು ಅಡ್ಡ ಹಾಕಿದಾಗ, ಅಂಗವಿಕಲರ ಗುರುತಿನ ಚೀಟಿ ತೋರಿಸೋಣವೆಂದು ಅಂಗಿಯೊಳಗೆ ಕೈ ಹಾಕಿದ್ದಾನೆ. ಇನ್ನೇನೋ ತೆಗೆಯುತ್ತಿದ್ದಾನೆ ಎಂದುಕೊಂಡು ಎರಡೂ ಕೈಗಳನ್ನು ಬೆನ್ನಿಗೆ ತಿರುಚಿ ಹಿಡಿದರು. ಹಿಡಿದವರು ನಮ್ಮ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಲಕ್ಕಯ್ಯನವರು. ನನ್ನ ಮೊದಲ ಬಂದೋಬಸ್ತಿನ ದಿನ ತಮ್ಮ ಊಟದ ಡಬ್ಬಿಯನ್ನು ನನ್ನ ಮುಂದೆ ತಳ್ಳಿ ತಾವು ಬನ್ನು ತಿಂದವರು. ಹಾಗಾಗಿ ಯಾರ ಮೇಲೆ ಸಿಟ್ಟಾಗಬೇಕೋ ನನಗೆ ಅಂದೇ ತಿಳಿಯಲಿಲ್ಲ.

ಮಾರನೆಯ ದಿನವೇ ಠಾಣೆಯಲ್ಲಿ ರಾಜಿಯಾಯಿತು. ‘ಮಗ್ಳು ಇದೇ ಇಲಾಖೇಲಿ ಅನ್ನ ತಿಂತಾವ್ಳೆ, ಎಳ್ದಾಡದು ಬ್ಯಾಡ ಕಣ್ರಪ್ಪಾ’ ಎಂದರು ಅಪ್ಪ. ಸಾಹೇಬರು ಭೀಮಣ್ಣನ ಕಡೆ ತಿರುಗಿ ‘ಬಿಟ್ಬಿಡೋಣ ಅಲ್ವೇನಪ್ಪಾ?’ ಎಂದು ಕೇಳಿದರು. ನಮ್ಮ ಮನೆಯ ರೂಢಿ ನಿನಗೆ ಗೊತ್ತೇ ಇದೆ. ಹೊರಗಿನವರು ಏನು ಕೇಳಿದರೂ ಭೀಮಣ್ಣ ನಿನ್ನ ಮುಖ ನೋಡುತ್ತಾನೆ. ನೀನಿಲ್ಲದಿದ್ದರೆ ಅಪ್ಪನ ಮುಖ. ಅಪ್ಪ ತಲೆಯಾಡಿಸಿದರು, ಅವನೂ ಆಡಿಸಿದ. ಲಕ್ಕಯ್ಯನವರು ಕಣ್ಣೊರೆಸಿಕೊಂಡು ಅವನ ಭುಜ ತಟ್ಟಿ, ಹೊರಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿದರು. ಮುಗಿಯಿತು ಎಂದು ಎಲ್ಲರೂ ಅಂದುಕೊಂಡೆವು.

ಈ ವಾರ ಹಾಸನದಲ್ಲಿ ನಮಗೆ ಒಂದು ದಿನದ ತರಬೇತಿ ಇತ್ತು. ಕಿವಿ ಕೇಳದವರ ಜೊತೆ ಪೊಲೀಸರು ಹೇಗೆ ನಡೆದುಕೊಳ್ಳಬೇಕು ಎನ್ನುವುದೇ ವಿಷಯ. ಹೊಳೆನರಸೀಪುರ, ಅರಕಲಗೂಡು ಕಡೆಯವರೂ ಬಂದಿದ್ದರು. ಕಲಿಸಲು ಮೈಸೂರಿನಿಂದ ಬಂದಿದ್ದ ಅನ್ವಿತಾ ಎಂಬವರಿಗೇ ಕಿವಿ ಕೇಳುವುದಿಲ್ಲ. ಅವರು ಕೈಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ನಿಂತ ಇನ್ನೊಬ್ಬರು ಬಾಯಲ್ಲಿ ಹೇಳುತ್ತಿದ್ದರು. ‘ಕಿವಿ ಕೇಳ್ದವ್ನು ನಿಂತ್ಕಳ್ನಿಲ್ಲ ಅಂದ್ರೆ ಅವ್ನ ಕನಸ್ಗೆ ಓಗಿ ವಿಷಲ್ ಊದಾದಾ?’ ಎಂದು ಲಕ್ಕಯ್ಯನವರು ಹಿಂದಿನ ಸಾಲಿನಿಂದ ಗೊಣಗಿದರು. ನಾವು ನಕ್ಕದ್ದನ್ನು ಕಂಡ ಅನ್ವಿತಾ ಏನೆಂದು ಕೇಳಿ ತಿಳಿದು, ಅವರನ್ನೇ ಮುಂದಕ್ಕೆ ಕರೆದರು. ಇಬ್ಬರ ಕೈಲಿ ಅವರ ಎರಡೂ ಕೈ ಹಿಂದಕ್ಕೆ ಹಿಡಿಸಿ, ಬಾಯಿ ಬಿಡದೆ ನಿಮ್ಮ ಮನೆ ಎಲ್ಲಿ ಹೇಳಿ ಎಂದರು. ಲಕ್ಕಯ್ಯನವರು ಕಣ್ಣು, ಹುಬ್ಬು, ಗಲ್ಲ ಎಲ್ಲವನ್ನೂ ಕುಣಿಸಿದರು. ‘ಏನಣ್ಣೋ, ಮೀಸೇಲಿ ಅಡ್ರೆಸ್ ಯೋಳ್ತಿದ್ದೀಯಾ?’ ಎಂದು ಯಾರೋ ಕೂಗಿದಾಗ ಕೊಠಡಿಯೇ ನಕ್ಕಿತು. ಅವರೂ ನಗುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿ ನೆಲ ನೋಡಿದರು.

ಎದುರಿನಿಂದ ಬನ್ನಿ, ನಿಮ್ಮ ಮುಖದ ಮೇಲೆ ಬೆಳಕಿರಲಿ, ಕೈ ಹಿಡಿಯಬೇಡಿ. ಇವೆಲ್ಲ ನನಗೆ ಅರ್ಥವಾದವು. ಆಮೇಲಿನ ಎರಡು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿವೆ. ಕಿವಿ ಕೇಳದವರು ತಲೆಯಾಡಿಸಿದರೆ ಒಪ್ಪಿದರು ಎಂದು ತಿಳಿಯಬೇಡಿ. ‘ನೀವು ಏನೋ ಹೇಳುತ್ತಿದ್ದೀರಿ, ಕಾಣುತ್ತಿದೆ’ ಎನ್ನುವುದಷ್ಟೇ ಇರಬಹುದು. ಮನೆಯವರನ್ನು ನಡುವೆ ಇಟ್ಟುಕೊಂಡು ಹೇಳಿಕೆ ತೆಗೆದುಕೊಳ್ಳಬೇಡಿ. ಮನೆಯವರು ಪ್ರೀತಿಯಿಂದಲೇ ತಮ್ಮ ಮಾತು ಸೇರಿಸಿಬಿಡುತ್ತಾರೆ. ಊಟದ ಹೊತ್ತಿನಲ್ಲಿ ಲಕ್ಕಯ್ಯನವರು ತಟ್ಟೆ ಹಿಡಿದು ನನ್ನ ಪಕ್ಕ ಬಂದು, ‘ಅಲ್ಲ ಕಣವ್ವಾ, ಅಂಗಾದ್ರೆ ನಿಮ್ಮಣ್ಣ ನನ್ನ ಕ್ಷಮಿಸವ್ನೋ ಇಲ್ವೋ?’ ಎಂದು ಕೇಳಿದರು. ನನಗೇನು ಗೊತ್ತು? ಗೊತ್ತಿಲ್ಲ ಸಾರ್ ಎಂದೆ. ಆ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ.

ನಿನ್ನೆ ರಜೆಗೆ ಬಂದವಳು ಭೀಮಣ್ಣನನ್ನೇ ಕೇಳಿದೆ. ಹೌದು-ಇಲ್ಲ ಎನ್ನುವ ಹಾಗೆ ಕೇಳಬಾರದು ಎಂದು ಕಲಿಸಿದ್ದರು. ಅವನ ಎದುರು ಕೂತು, ಟೋಪಿಯ ಸನ್ನೆ ಮಾಡಿ ಪೊಲೀಸ್ ಎಂದೆ, ಕೈ ಹಿಂದಕ್ಕೆ ಕಟ್ಟಿ ತೋರಿಸಿದೆ, ಆಮೇಲೆ ಎರಡೂ ಅಂಗೈ ಬಿಚ್ಚಿ, ನಿನಗೆ ಏನು ಬೇಕು ಎಂದು ಕಾದೆ. ಅವನು ಅಭ್ಯಾಸದಂತೆ ಅಪ್ಪನ ಮುಖ ಹುಡುಕಿದ. ಅಪ್ಪ ತೋಟದಲ್ಲಿದ್ದರು. ಆಮೇಲೆ ನನ್ನ ಕೈ ಹಿಡಿದು ಕೊಟ್ಟಿಗೆಗೆ ಕರೆದೊಯ್ದು, ಗಾಡಿಗೆ ಹೊದಿಸಿದ್ದ ಟಾರ್ಪಾಲು ಎಳೆದು ಬಿಸಾಕಿ ಸೀಟಿನ ಮೇಲೆ ಎರಡು ಸಲ ಹೊಡೆದ. ಅಂದು ನಡೆದದ್ದನ್ನು ತೋರಿಸುತ್ತಿದ್ದಾನೆ ಎಂದುಕೊಂಡೆ. ಅಲ್ಲ ಎಂದು ಕೈ ಬೀಸಿದ. ದೂರು ಕೊಡಬೇಕಾ ಎಂದೆ, ಅದಕ್ಕೂ ಕೈ ಬೀಸಿದ. ಮೀಸೆ ತಿರುವುವ ಸನ್ನೆ ಮಾಡಿ ಲಕ್ಕಯ್ಯನವರು ಎಂದೆ, ಅತ್ತ ತಿರುಗಿಕೊಂಡ. ಕ್ಷಮಿಸಿದನೋ, ಬೇಸತ್ತನೋ, ನನಗೆ ಕೈಭಾಷೆ ಬಾರದೆಂದು ಮರುಕಪಟ್ಟನೋ ಒಂದೂ ತಿಳಿಯಲಿಲ್ಲ. ಇಷ್ಟು ವರ್ಷ ಅವನ ಜೊತೆ ಮಾತಾಡಿದ್ದೇವೆ ಎಂದುಕೊಂಡಿದ್ದೆವಲ್ಲ, ಅದೆಲ್ಲ ಏನು? ಇದನ್ನು ಬರೆಯುವಾಗಲೂ ಅವನ ಪರವಾಗಿ ನಾನೇ ಮಾತಾಡುತ್ತಿದ್ದೇನೆ ಅನ್ನಿಸುತ್ತಿದೆ. ಅವನನ್ನು ಚೆನ್ನಾಗಿ ಬಲ್ಲವನು ನೀನು. ಏನು ಮಾಡಲಿ, ಬರೆ.

ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚು ಎಂದು ಅವ್ವ ಹೇಳಿದಳು. ಮೈ ಹುಷಾರು, ಅಲ್ಲಿಯ ಮೇಲಧಿಕಾರಿಗಳಿಗೆ ಎದುರಾಡಬೇಡ. ಮನೆಯವರೆಲ್ಲರ ಪ್ರೀತಿ ಈ ಕಾಗದದ ಜೊತೆಗಿದೆ.

ನಿನ್ನ ತಂಗಿ,
ನಿಸರ್ಗ

ಮರೆಯುವ ಮುಂಚೆ: ಕವರು ಅಂಟಿಸುವಾಗ ಅವ್ವ ಬಂದು, ‘ಗಾಡಿ ಬೀಗದ ಕೈ ನಿಮ್ಮಪ್ಪನ ಪೆಟ್ಟಿಗೇಲದೆ ಕಣವ್ವ. ಇನ್ಮ್ಯಾಕೆ ಅವ್ನಿಗೆ ಗಾಡಿ ಕೊಡಬ್ಯಾಡಿ ಅಂತ ಮನುನೇ ಫೋನಲ್ಲಿ ಅಂದ್ನಂತೆ’ ಎಂದಳು. ಈಗ ಬೂಸಾ, ಹಾಲು ಎಲ್ಲ ಗುಂಡಯ್ಯನ ಆಟೋದಲ್ಲಿ ಹೋಗುತ್ತಿವೆ, ಭೀಮಣ್ಣ ಜಗುಲಿಯಲ್ಲಿ ಕೂತಿರುತ್ತಾನೆ. ನಿನ್ನೆ ಸೀಟಿಗೆ ಹೊಡೆದು ಕೇಳಿದ್ದು ಗಾಡಿಯನ್ನೇ ಇರಬೇಕು. ಜಾರಿತು ಎಂದು ನಂಬಿ ನೀನು ಹಾಗೆ ಹೇಳಿರಬೇಕು. ನೀನು ಹೇಳಿದ್ದೆ ಎಂದು ಅವನಿಗೆ ತೋರಿಸಿದೆ. ಅವನು ನಿನ್ನ ಗುರುತಿಗೆ, ನಿನಗೆ ಕಲೆಯಿರುವ ಕಡೆ ತನ್ನ ಗಲ್ಲ ಮುಟ್ಟಿ, ಕಣ್ಣಿಗೆ ಬೆರಳಿಟ್ಟು, ತನ್ನ ಎದೆ ತೋರಿಸಿ, ಅಂಗೈ ಬಿಚ್ಚಿ ನಿಂತ. ಮನು ನೋಡಿದನಾ, ನನ್ನನ್ನು ಕೇಳಿದನಾ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ತಪ್ಪಿದ್ದರೂ ಇರಬಹುದು. ಬೀಗದ ಕೈ ಕೊಡಿ ಎಂದು ಮುಂದಿನ ಭಾನುವಾರ ಫೋನಿನಲ್ಲಿ ಅಪ್ಪನಿಗೆ ಹೇಳು. ನಾನು ಹೇಳಿದರೆ ಕೇಳುವುದಿಲ್ಲ.