ಒಂದೆಲಗದ ರಸ ಮತ್ತು ನಿನ್ನ ಎಡಗೈ

ಕಾರ್ಖಾನೆಯ ಮಹಡಿ,
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಎಡಗೈಯ ಕೆಂಪು ಇಳಿಯಿತೆ, ಇಲ್ಲ ಉದ್ದ ತೋಳಿನಡಿ ಮುಚ್ಚಿಟ್ಟು ಓಡಾಡುತ್ತಿದ್ದೀಯಾ? ಭಾವನ ಮೊಣಕಾಲು ಹೇಗಿದೆ? ನಾನು ಬೆಳಿಗ್ಗೆಯಿಂದ ಕೂತದ್ದೇ ಇಲ್ಲ. ಇದನ್ನೂ ನಿಂತೇ ಬರೆಯುತ್ತಿದ್ದೇನೆ.

ಮುಖಕ್ಕೆ ಹಚ್ಚುವ ಒಂದೆಲಗದ ರಸ ಕೊನೆಗೂ ಸರಿಯಾಗಿ ಬಂತು ಅಕ್ಕಾ. ಎಂಟು ತಿಂಗಳಿಂದ ಅರೆದದ್ದು, ನೆನೆಸಿದ್ದು, ಸೋಸಿದ್ದು ಅದೇ ಎಲೆಯನ್ನೇ, ಆದರೆ ಇದು ಬೇರೆ. ಗಡ್ಡ ಬೋಳಿಸಿದ ಹಸಿ ಕೆನ್ನೆಗೆ ಬೇಕೆಂದೇ ಹಚ್ಚಿಕೊಂಡು ಉರಿಗಾಗಿ ಕಾದೆ. ಬರಲಿಲ್ಲ. ಏನೂ ಆಗದಿರುವುದನ್ನು ಇಷ್ಟು ಗಮನವಿಟ್ಟು ಕಾಯಬಹುದೆಂದು ಐವತ್ತೆರಡನೇ ವಯಸ್ಸಿಗೆ ತಿಳಿಯಿತು. ಪ್ಯಾಕಿಂಗಿನ ಹೆಂಗಸರೂ ಹಚ್ಚಿಕೊಂಡರು. ಅವರಲ್ಲಿ ನೀನು ರೇಡಿಯೋ ಎಂದು ಹೆಸರಿಟ್ಟಿರುವ ಆ ಮಾತುಗಾತಿ, "ಬರೀ ನೀರು ಕೊಟ್ಟಿದ್ದೀರೇನೋ ಸಾರ್" ಎಂದಳು. ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಸಿಕ್ಕಿಲ್ಲ.

ಆದರೆ ಯಜಮಾನರ ಹಠ ನಿನಗೆ ಗೊತ್ತಲ್ಲ. "ನಮ್ದೆಲ್ಲ ಎಮ್ಮೆ ಚರ್ಮ ಕಣ್ರೀ. ನಿಮ್ಮಕ್ಕನ ಕೈ ಒಪ್ಪಿದ್ರೆ ಮಾತ್ರ ಬಾಟ್ಲು ಹೊರಗೆ ಹೋಗೋದು" ಎಂದರು. ಎಲ್ಲರಿಗಿಂತ ಮೊದಲು ಹಚ್ಚಿ ನೋಡುವ ನಿನ್ನ ಕೆಲಸಕ್ಕೆ ಅವರು ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ. ಎರಡು ತಿಂಗಳ ಹಿಂದೆ ನೀನು ಕೆಂಪಾದ ಕೈ ತೋರಿಸಿದಾಗ, "ಇವಳಿಗೆ ಗಾಳಿ ಸೋಕಿದ್ರೂ ಆಗಲ್ಲ" ಎಂದು ನಾನು ಎಲ್ಲರನ್ನೂ ನಗಿಸಿದೆ. ನೀನು ಊಟದ ಡಬ್ಬಿ ಎತ್ತಿಕೊಂಡು ಮಗಳ ಮನೆಗೆ ಹೊರಟುಹೋದೆ. ಆ ಮಾತನ್ನು ಬೇರೆ ಯಾರೋ ಆಡಿದಂತೆ ನೆನೆಯುವುದನ್ನು ನಾನು ರೂಢಿಸಿಕೊಂಡೆ.

ಇದರ ಜೊತೆ ಸಣ್ಣ ಬಾಟಲಿ ಇದೆ. ಮೊಣಕೈ ಒಳಗೆ, ಎಂದಿನಂತೆ ಪೆನ್ನಿನಿಂದ ಗುಂಡಗೆ ಗೆರೆ ಎಳೆದು ಅದರೊಳಗೆ ಹಚ್ಚಿ, ಒಂದು ದಿನ ನೋಡು. ಭಾವನಿಗೆ ನಮಸ್ಕಾರ, ಮಗಳಿಗೆ ಆಶೀರ್ವಾದ.

ನಿನ್ನ ತಮ್ಮ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲಾಗಲಿಲ್ಲ. ತಪ್ಪು ಎಲೆಯದಲ್ಲ, ನಿನ್ನ ಚರ್ಮದ್ದೂ ಅಲ್ಲ. ಸೋಸುವ ಬಟ್ಟೆಯನ್ನು ನಾನು ಮನೆಗೊಯ್ದು ನಮ್ಮ ಬಟ್ಟೆಗಳ ಜೊತೆ ಸೋಪಿನ ಪುಡಿಯಲ್ಲಿ ಒಗೆಯುತ್ತಿದ್ದೆ. ರಸದಲ್ಲಿ ಏಳುತ್ತಿದ್ದ ನೊರೆಯನ್ನು ಎಲೆಯ ಸತ್ವವೆಂದು ಎಲ್ಲರಿಗೂ ತೋರಿಸುತ್ತಿದ್ದೆ. ಕಳೆದ ವಾರ ಆ ಬಟ್ಟೆ ಹರಿಯಿತು. ಹೊಸದನ್ನು ಬರೀ ಕುದಿನೀರಿನಲ್ಲಿ ಅದ್ದಿ ಬಳಸಿದೆ, ಅಷ್ಟೇ; ನೊರೆಯೂ ನಿಂತಿತು, ಉರಿಯೂ ನಿಂತಿತು. ಇವತ್ತು ಮಧ್ಯಾಹ್ನ ಇದನ್ನು ಎಲ್ಲರೆದುರು ಹೇಳಿದೆ. "ಹಾಗಾದ್ರೆ ಅಕ್ಕನ್ನ ಸುಮ್‌ಸುಮ್ನೆ ಓಡಿಸಿದ್ರಿ" ಎಂದಳು ರೇಡಿಯೋ. ಹೌದು ಎಂದೆ. ಹಚ್ಚಲು ಮನಸ್ಸಾಗದಿದ್ದರೆ ಚೆಲ್ಲಿಬಿಡು. ಚೆಲ್ಲಿದೆ ಎಂದಾದರೂ ಒಂದು ಸಾಲು ಬರೆ.